ಇಂಗ್ಲಿಷ್ ಸಾಹಿತ್ಯ ಮತ್ತು ಸಿನಿಮಾ: ಒಟ್ಟಿಗೆ ಓದಿದರೆ ಎರಡೂ ಅರೆಬರೆಯೇ?

ಪ್ರಶ್ನೆ: ಪದವಿಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನೂ ಚಲನಚಿತ್ರ ಅಧ್ಯಯನವನ್ನೂ ಜೊತೆಯಾಗಿ ಓದಬೇಕೆಂದಿದ್ದೇನೆ. ಕಾದಂಬರಿಯನ್ನು ಓದಿ, ಅದನ್ನು ಆಧರಿಸಿದ ಚಿತ್ರವನ್ನು ನೋಡಿ ಹೋಲಿಸುವುದಷ್ಟೇ ಇಂಥ ಕೋರ್ಸೇ? ಕೊನೆಗೆ ಯಾವುದರಲ್ಲೂ ಆಳ ದಕ್ಕದೆ ಹೋದೀತೇ?

ಉತ್ತರ: ಹೋಲಿಕೆ ಇದ್ದೇ ಇರುತ್ತದೆ, ಆದರೆ ‘ಚಿತ್ರ ಮೂಲಕ್ಕೆ ನಿಷ್ಠವಾಗಿದೆಯೇ’ ಎಂದು ಕೇಳುವ ಹೋಲಿಕೆಯಿಂದ ವಿದ್ಯಾರ್ಥಿ ಕಲಿಯುವುದು ತೀರಾ ಕಡಿಮೆ. ಕಾದಂಬರಿಯಲ್ಲಿದ್ದ ಯಾವ ಪ್ರಸಂಗ ಚಿತ್ರದಲ್ಲಿ ಬಿಟ್ಟುಹೋಗಿದೆ ಎಂಬುದನ್ನು ಯಾರು ಬೇಕಾದರೂ ಪಟ್ಟಿ ಮಾಡಬಹುದು. ಒಂದೇ ಕ್ಷಣವನ್ನು ಪದಗಳು ಹೇಗೆ ಕಟ್ಟುತ್ತವೆ, ಬೆಳಕು, ಶಬ್ದ ಮತ್ತು ಸಂಕಲನಗಳು ಹೇಗೆ ಕಟ್ಟುತ್ತವೆ ಎಂಬುದನ್ನು ಕಾಣಿಸುವುದೇ ಈ ಜೋಡಿ ಓದಿನ ನಿಜವಾದ ಲಾಭವೆಂದು ನಾನು ನಂಬಿದ್ದೇನೆ.

ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಆರಂಭವನ್ನೇ ನೋಡಿ. ಅನಾಥ ಬಾಲಕ ಪಿಪ್ ಸಮಾಧಿಗಳ ನಡುವೆ ನಿಂತಿರುವಾಗ ಮೊದಲು ಒಂದು ಭಯಂಕರ ಧ್ವನಿ ಎರಗುತ್ತದೆ. ಆ ಬಳಿಕ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೈದಿಯ ಚಹರೆ, ಕಾಲಿನ ಬೇಡಿ, ಮೈಗೆ ಮೆತ್ತಿದ ಕೆಸರು ತುಂಡುತುಂಡು ವಾಕ್ಯಗಳಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಇದನ್ನೆಲ್ಲ ಹೇಳುತ್ತಿರುವವನು ದೊಡ್ಡವನಾದ ಪಿಪ್ ಆದ್ದರಿಂದ, ಮಗುವಿನ ಭಯದ ಅಡಿಯಲ್ಲಿ ವಯಸ್ಕನ ತಿಳಿಹಾಸ್ಯವೂ ಹರಿಯುತ್ತಿರುತ್ತದೆ. ಡೇವಿಡ್ ಲೀನ್ 1946ರಲ್ಲಿ ಇದನ್ನು ಚಿತ್ರವಾಗಿಸಿದಾಗ ಗಾಳಿಯ ಸದ್ದು ಮತ್ತು ಮರದ ಕೊಂಬೆಗಳ ಕಿರುಗುಟ್ಟುವಿಕೆಯಿಂದ ಆತಂಕವನ್ನು ಬೆಳೆಸುತ್ತಾರೆ. ಬೆದರಿ ಓಡುವ ಹುಡುಗನ ಜೊತೆಗೇ ಕ್ಯಾಮೆರಾ ತಿರುಗುತ್ತದೆ, ಅವನು ನೇರವಾಗಿ ಕೈದಿಗೆ ಡಿಕ್ಕಿ ಹೊಡೆಯುತ್ತಾನೆ. ಚಿತ್ರದ ಮೊದಲಲ್ಲಿ ನಿರೂಪಕನ ಧ್ವನಿ ಕೇಳಿಸಿದ್ದರೂ ಈ ಕ್ಷಣದಲ್ಲಿ ಅವನು ಇಲ್ಲ, ನಮಗೂ ಭಯಕ್ಕೂ ನಡುವೆ ನಿಲ್ಲುವವರು ಯಾರೂ ಇಲ್ಲ. ಇದನ್ನು ಗಮನಿಸಿದ ವಿದ್ಯಾರ್ಥಿ ಕಾದಂಬರಿಗೆ ಮರಳಿದಾಗ, ಅದುವರೆಗೆ ಸಹಜವೆಂದು ಓದಿಕೊಂಡು ಹೋಗಿದ್ದ ನಿರೂಪಕನ ಧ್ವನಿ ಲೇಖಕ ಮಾಡಿದ ಒಂದು ಆಯ್ಕೆ ಎಂಬುದು ಸ್ಪಷ್ಟವಾಗುತ್ತದೆ.

ಈ ನಂಟು ವಿಶ್ವವಿದ್ಯಾಲಯಗಳು ಹುಟ್ಟುಹಾಕಿದ್ದಲ್ಲ. ಸೋವಿಯತ್ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ 1944ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಅಮೆರಿಕದ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಬೆಳೆಸಿದ ಸಮಾನಾಂತರ ಸಂಕಲನದ, ಅಂದರೆ ಬೇರೆ ಬೇರೆ ಕಡೆ ನಡೆಯುವ ಘಟನೆಗಳನ್ನು ಒಂದಾದ ಮೇಲೊಂದರಂತೆ ಹೆಣೆದು ತೋರಿಸುವ ಕ್ರಮದ ಬೇರನ್ನು ಡಿಕನ್ಸ್‌ನ ಕಥನಕ್ರಮದಲ್ಲೇ ಗುರುತಿಸಿದರು. ಇದಕ್ಕೆ ಎದುರಾಗಿ ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜಿನಿಯಾ ವುಲ್ಫ್ 1926ರಷ್ಟು ಹಿಂದೆಯೇ, ಸಿನಿಮಾ ಕಾದಂಬರಿಗಳ ಮೇಲೆ ಎರಗುವುದನ್ನು ಬಿಟ್ಟು ತನ್ನದೇ ಭಾಷೆಯನ್ನು ಕಂಡುಕೊಳ್ಳಬೇಕೆಂಬ ನಿಲುವು ತಳೆದಿದ್ದರು. ಒಳ್ಳೆಯ ಕೋರ್ಸು ಈ ಎರಡೂ ವಾದಗಳನ್ನು ಎದುರುಬದುರು ಇಟ್ಟು ಓದಿಸುತ್ತದೆ.

ಆಳದ ಬಗೆಗಿನ ನಿಮ್ಮ ಆತಂಕ ನಿರಾಧಾರವಲ್ಲ. ಬ್ರಿಟನ್ನಿನ ಜಾಯಿಂಟ್ ಆನರ್ಸ್ ಪದವಿಗಳಲ್ಲಿ ಓದಿನ ಅವಧಿ ಎರಡು ವಿಷಯಗಳಿಗೆ ಹಂಚಿಹೋಗುವುದರಿಂದ, ಸಾಹಿತ್ಯವೊಂದನ್ನೇ ಓದುವವರಿಗೆ ಸಿಗುವಷ್ಟು ಪತ್ರಿಕೆಗಳು ನಿಮಗೆ ಸಿಗುವುದಿಲ್ಲ. ಅಮೆರಿಕದ ಡಬಲ್ ಮೇಜರ್ ಕ್ರಮದಲ್ಲಿ ಎರಡೂ ವಿಭಾಗಗಳ ಅಗತ್ಯಗಳನ್ನು ಪೂರೈಸಬೇಕಾಗಿರುವುದರಿಂದ ಅಲ್ಲಿ ಹೊರೆ ಹೆಚ್ಚು. ಮಧ್ಯಯುಗದ ಕಾವ್ಯವೋ ಹಳೆಯ ಇಂಗ್ಲಿಷೋ ನಿಮ್ಮ ಮುಖ್ಯ ಆಸಕ್ತಿಯಾಗಿದ್ದರೆ ಸಾಹಿತ್ಯವನ್ನೊಂದೇ ಆರಿಸಿಕೊಳ್ಳುವುದು ಮೇಲು. ಹಾಗೆಯೇ, ಕ್ಯಾಮೆರಾ ಹಿಡಿಯಲು ಕಲಿಯಬೇಕೆಂದು ಬರುವವರು ಪಠ್ಯಕ್ರಮವನ್ನು ಎಚ್ಚರದಿಂದ ಓದಬೇಕು. ಚಲನಚಿತ್ರ ಅಧ್ಯಯನವೆಂದರೆ ಬಹುಮಟ್ಟಿಗೆ ಚಿತ್ರಗಳ ವಿಶ್ಲೇಷಣೆ, ಇತಿಹಾಸ ಮತ್ತು ಸಿದ್ಧಾಂತಗಳೇ ಹೊರತು ನಿರ್ಮಾಣದ ತರಬೇತಿಯಲ್ಲ.

ಕೋರ್ಸನ್ನು ಆರಿಸುವಾಗ ನಾನು ಮೊದಲು ನೋಡುವ ಸಂಗತಿ, ಎರಡೂ ವಿಷಯಗಳನ್ನು ಒಂದೇ ತರಗತಿಯಲ್ಲಿ ಎದುರಾಗಿಸುವ ಪತ್ರಿಕೆ ಅಲ್ಲಿದೆಯೇ ಎಂಬುದು. ಅದಿಲ್ಲದಿದ್ದರೆ ಎರಡು ವಿಭಾಗಗಳ ನಡುವೆ ಓಡಾಡುವ ವಿದ್ಯಾರ್ಥಿ, ಅವುಗಳನ್ನು ಬೆಸೆಯುವ ಕೆಲಸವನ್ನೂ ಒಬ್ಬನೇ ಮಾಡಬೇಕಾಗುತ್ತದೆ. ಕಾದಂಬರಿಗಳನ್ನು ಆಧರಿಸದ ಚಿತ್ರಗಳಿಗೂ ಮೂಕಿಚಿತ್ರಗಳಿಗೂ ಪಠ್ಯಕ್ರಮದಲ್ಲಿ ಜಾಗವಿದೆಯೇ ಎಂಬುದನ್ನೂ ವಿಚಾರಿಸಿ. ಇಲ್ಲವಾದರೆ ಅಲ್ಲಿ ಸಿನಿಮಾ ಸಾಹಿತ್ಯದ ನೆರಳಾಗಿ ಮಾತ್ರ ಉಳಿದಿದೆ ಎಂದರ್ಥ. ಅರ್ಜಿ ಹಾಕುವ ಮುನ್ನ ನಿಮಗೆ ಪರಿಚಿತವಾದ ಯಾವುದಾದರೂ ಚಿತ್ರದ ಐದು ನಿಮಿಷಗಳನ್ನು ಒಮ್ಮೆ ಶಬ್ದವಿಲ್ಲದೆ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ, ಆ ವ್ಯತ್ಯಾಸದ ಬಗ್ಗೆ ಎರಡು ಪುಟ ಬರೆಯಿರಿ. ಬರೆಯುತ್ತಾ ಹೋದಂತೆ ಆ ದೃಶ್ಯವನ್ನು ಮತ್ತೆ ನೋಡಬೇಕೆನಿಸಿದರೆ ಈ ಓದು ನಿಮಗೆ ಒಗ್ಗುತ್ತದೆ.