ತೂಕ ನೋಡಿ ಶುರುವಾದ ಶಿಬಿರ, ಹೊಸ್ತಿಲಲ್ಲಿ ನಿಂತ ಮಕ್ಕಳು

1876ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಪಾದ್ರಿ ವಾಲ್ಟರ್ ಬಿಯೋನ್ ಬಡವರ ಮನೆಯ 68 ಮಕ್ಕಳನ್ನು ರಜೆಗೆಂದು ಅಪೆನ್‌ಝೆಲ್ ಬೆಟ್ಟದ ಊರುಗಳಿಗೆ ಕರೆದೊಯ್ದರು. ದಾನಿಗಳ ದುಡ್ಡಿನ ರಜಾ ಶಿಬಿರಗಳು ಯುರೋಪಿನಲ್ಲಿ ಹಬ್ಬಿದ್ದು ಆಮೇಲೆ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಮಕ್ಕಳ ತೂಕ ನೋಡುತ್ತಿದ್ದರು; ಹೊಟ್ಟೆ ತುಂಬಿತೇ ಎಂಬುದೇ ಮುಖ್ಯ ಲೆಕ್ಕ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಮಠಗಳ ದಾಸೋಹ, ಉಚಿತ ಪ್ರಸಾದ ನಿಲಯಗಳು ಬಡ ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟವು. ಕಷ್ಟ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ಶಾಲೆಗೆ ಬೀಗ, ಬಿಸಿಯೂಟ ಬಂದ್. ತಂದೆ-ತಾಯಿ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋಗಿದ್ದರೆ ಮಕ್ಕಳು ಅಜ್ಜಿಯ ಪಾಲು. ಬರಪೀಡಿತ ಪ್ರದೇಶಗಳಲ್ಲಿ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಆದೇಶಿಸಿದ್ದು ಈ ಹಸಿವಿಗಾಗಿಯೇ.

ರಜಾ ಶಿಬಿರಗಳಲ್ಲಿ ಅಂಗವಿಕಲ ಮಕ್ಕಳ ಸರದಿ ಬಂದದ್ದು ಇನ್ನೂ ತಡವಾಗಿ. 1995ರ ಕಾಯ್ದೆ 7 ಬಗೆಯ ವೈಕಲ್ಯ ಗುರುತಿಸಿತ್ತು. 2016ರ ಕಾಯ್ದೆ 21ಕ್ಕೆ ಏರಿಸಿತು. ಆದರೂ 'ಇಂಥ ಮಗುವನ್ನು ಹೇಗೆ ಸಂಭಾಳಿಸೋದು' ಎಂಬ ಅಂಜಿಕೆಗೆ ಅವರನ್ನು ಶಿಬಿರಕ್ಕೆ ಕರೆಯದೆ ಮನೆಯಲ್ಲೇ ಬಿಡುವ ಸಂಘಟಕರಿದ್ದಾರೆ. ಆ ಅಂಜಿಕೆಗೆ ಮದ್ದು ತಯಾರಿ.

ಮೊದಲು ಹೊಸ್ತಿಲು. 6 ಅಂಗುಲ ಎತ್ತರಕ್ಕೆ 6 ಅಡಿ ಉದ್ದದ ಇಳಿಜಾರು ಬೇಕು, ಅಂದರೆ 1ಕ್ಕೆ 12. ಎರಡಡಿ ಹಲಗೆ ಒರಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚಬಹುದು. ಸಭಾಂಗಣಕ್ಕೆ ಇಳಿಜಾರು ಕಟ್ಟಿ ಪಾಯಿಖಾನೆ ಬಾಗಿಲು ಅಳೆಯದೇ ಬಿಡುವುದು ಇನ್ನೊಂದು ತಪ್ಪು. ಕುರ್ಚಿ ಒಳಗೆ ಹೋಗದಿದ್ದರೆ ಮಗು ನೀರು ಕುಡಿಯುವುದನ್ನೇ ಬಿಡುತ್ತದೆ. ಈ ಬಿಸಿಲಲ್ಲಿ ಅದು ಜೀವಕ್ಕೆ ಕುತ್ತು.

ಆಮೇಲೆ ಔಷಧ. ಪ್ರತಿ ಮಗುವಿಗೂ ಬೇರೆ ಚೀಲ, ಅದರ ಮೇಲೆ ಹೆಸರು, ಹೊತ್ತು, ಪ್ರಮಾಣ. ಕೊಟ್ಟವರು ಅಲ್ಲೇ ಸಹಿ ಹಾಕಬೇಕು. ಮೂರ್ಛೆರೋಗ ಇರುವ ಮಗುವಿಗೆ ಗುಳಿಗೆ ತಪ್ಪಿದರೆ, ಹೊಸ ಜಾಗದಲ್ಲಿ ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ಹಾಗಾಗಿ ಮೊದಲ ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ ಬೇಡವೇ ಬೇಡ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು ಯಾವುದೂ ಸಲ್ಲದು. ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ಆಸ್ಪತ್ರೆಗೆ.

ಊಟದಲ್ಲೂ ಎಚ್ಚರ ಬೇಕು. ನುಂಗಲು ತ್ರಾಸಾಗುವ ಮಗುವಿಗೆ ಕಟಕ್ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೆದುವಾಗಿ ಬೇಯಿಸಿದ ಜೋಳದ ನುಚ್ಚನ್ನು ಕಲಸಿ, ನೆಟ್ಟಗೆ ಕೂರಿಸಿ ಉಣಿಸಬೇಕು. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಆಟಿಸಂ ಇರುವ ಮಗುವಿಗೆ ಧ್ವನಿವರ್ಧಕವೇ ಹಿಂಸೆ. ದಿನದ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿ, ಮುಗಿದದ್ದನ್ನು ಮಗುವಿನ ಕೈಯಿಂದಲೇ ಕೀಳಿಸಿದರೆ ಮುಂದೇನೆಂಬ ಗಾಬರಿ ಇಳಿಯುತ್ತದೆ.

ಇದಕ್ಕೆಲ್ಲ ಜನ ಬೇಕು. ಉಣಿಸಲು, ಎತ್ತಿ ಕೂರಿಸಲು ಆಸರೆ ಬೇಕಾದ ಮಗುವಿಗೆ ಹಗಲಿಗೊಬ್ಬರು, ರಾತ್ರಿಗೊಬ್ಬರು. ದಾನಿಗಳು ಟಿ-ಶರ್ಟು, ಬ್ಯಾನರಿಗೆ ಕೊಡುವ ದುಡ್ಡನ್ನು ಈ ಸಂಬಳಕ್ಕೆ ಕೊಡಿ ಎಂದು ಕೇಳಲು ಸಂಘಟಕರು ನಾಚಬಾರದು.