ಬಿಟಿ ಬದನೆ: ಜೀನ್ ಕಂಪನಿಯದ್ದು, ತಳಿ ಯಾರದ್ದು?

ಬದನೆಯ ದೊಡ್ಡ ಶತ್ರು ಕಾಯಿಕೊರಕ ಹುಳ. ಮೊಟ್ಟೆಯಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಮರಿ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಗೆ ಸೇರುತ್ತದೆ. ತೂತನ್ನು ತನ್ನದೇ ಹಿಕ್ಕೆಯಿಂದ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಔಷಧಿ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಅದಕ್ಕೇ ರೈತರು ಮತ್ತೆ ಮತ್ತೆ ಹೊಡೆಯುತ್ತಲೇ ಇರುತ್ತಾರೆ. ಬಿಟಿ ಬದನೆ ಹುಟ್ಟಿದ್ದು ಈ ನಿಜವಾದ ಕಷ್ಟದಿಂದ. ಅದನ್ನು ವಿರೋಧಿಸುವವರೂ ಇದನ್ನು ಒಪ್ಪಲೇಬೇಕು.

ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಮಣ್ಣಲ್ಲಿರುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಇದನ್ನು ಮೊದಲು ಕಂಡದ್ದು ರೋಗ ಬಂದ ರೇಷ್ಮೆ ಹುಳುಗಳಲ್ಲಿ. ಇದು ತಯಾರಿಸುವ ಒಂದು ಪ್ರೋಟೀನ್ ಹುಳದ ಕ್ಷಾರೀಯ ಕರುಳಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ ತೂತು ಮಾಡುತ್ತದೆ. ಹುಳ ತಿನ್ನುವುದನ್ನು ಬಿಟ್ಟು ಸಾಯುತ್ತದೆ.

ಈ ಪ್ರೋಟೀನಿನ ಜೀನನ್ನು ಗಿಡದೊಳಗೆ ಸೇರಿಸುವುದು ಹೇಗೆ? ದಾರಿ ತೋರಿಸಿದ್ದು ಇನ್ನೊಂದು ಬ್ಯಾಕ್ಟೀರಿಯಾ, ಅಗ್ರೊಬ್ಯಾಕ್ಟೀರಿಯಂ. ಗಿಡದ ಬುಡದಲ್ಲಿ ಗಂಟು ಬರಿಸುವ ಈ ಜೀವಿ ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದ ಜೀವಕೋಶಕ್ಕೆ ತಾನಾಗಿಯೇ ಸೇರಿಸುತ್ತದೆ. ಅಮೆರಿಕದ ಮೇರಿ ಡೆಲ್ ಚಿಲ್ಟನ್ ತಂಡ 1977ರಲ್ಲಿ ಇದನ್ನು ತೋರಿಸಿಕೊಟ್ಟಿತು. ಗಂಟು ಬರಿಸುವ ಜೀನ್ ತೆಗೆದು ಬೇಕಾದ ಜೀನ್ ಇಟ್ಟರೆ? 1983ರ ಹೊತ್ತಿಗೆ ಹೊಗೆಸೊಪ್ಪಿನ ಗಿಡದಲ್ಲಿ ಅದು ಸಾಧ್ಯವಾಯಿತು.

ಭಾರತದಲ್ಲಿ ಮೊದಲು ಬಂದದ್ದು ಬಿಟಿ ಹತ್ತಿ. 1998ರಲ್ಲೇ ರಾಜ್ಯ ರೈತ ಸಂಘದವರು ಅದರ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿದ್ದರು. 2002ರಲ್ಲಿ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಹತ್ತಿ ಹೊಲವೆಲ್ಲ ಬಿಟಿಯಾಯಿತು. ಮುಂದೆ ಗುಲಾಬಿ ಕಾಯಿಕೊರಕ ಹುಳ ಅದನ್ನೂ ಜೀರ್ಣಿಸಿಕೊಂಡಿತು.

ಬದನೆಯ ವಿಷಯ ಬೇರೆ. ಹತ್ತಿ ಊಟದ ತಟ್ಟೆಗೆ ಬರುವುದಿಲ್ಲ, ಬದನೆ ಬರುತ್ತದೆ. ಅದೂ ಅಲ್ಲದೆ ಬದನೆ ಇಲ್ಲಿಯದೇ ಬೆಳೆ, ಊರಿಗೊಂದು ತಳಿ. ಉಡುಪಿ ಹತ್ತಿರದ ಮಟ್ಟುಗುಳ್ಳವನ್ನೇ ನೋಡಿ: ಗುಂಡಗೆ, ತಿಳಿ ಹಸಿರು, ತೆಳು ಸಿಪ್ಪೆ. ವಾದಿರಾಜರು ಕೊಟ್ಟ ಬೀಜ ಎಂದು ಮಟ್ಟು ಗ್ರಾಮದವರು ನಂಬುತ್ತಾರೆ. ಕೃಷ್ಣಮಠದ ಅಡುಗೆಗೆ ಅದು ಬೇಕೇ ಬೇಕು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು.

2005ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮಹಿಕೊ ಎಂಬ ಬೀಜ ಕಂಪನಿ ಮತ್ತು ಸತ್‌ಗುರು ಎಂಬ ಸಲಹಾ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಮಹಿಕೊದ ಬಿಟಿ ಗಿಡವನ್ನು ನಾಟಿ ತಳಿಯ ಜೊತೆ ಪದೇ ಪದೇ ಸಂಕರ ಮಾಡುವುದು ಕೆಲಸ. ಪ್ರತಿ ಸುತ್ತಿನಲ್ಲೂ ಬಿಟಿ ಜೀನ್ ಇರುವ ಸಸಿಗಳನ್ನಷ್ಟೇ ಆರಿಸಬೇಕು. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಅದೇ ನಾಟಿ ಬದನೆ, ಒಳಗೆ ಒಂದು ಜೀನ್ ಮಾತ್ರ ಹೊಸದು. ಹೀಗೆ ಬಳಕೆಯಾದ ರಾಜ್ಯದ ಆರು ತಳಿಗಳಲ್ಲಿ ಉಡುಪಿಯದ್ದೂ ಒಂದು.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಗಲಾಟೆ ಜೋರಾಯಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡ ಎಂದವು. 2010ರ ಫೆಬ್ರವರಿ 9ರಂದು ತಡೆ ಬಿತ್ತು. ಪಕ್ಕದ ಬಾಂಗ್ಲಾದೇಶ 2014ರಿಂದ ಅದೇ ಬದನೆಯನ್ನು ರೈತರಿಗೆ ಕೊಡುತ್ತಿದೆ.

ಆ ಚರ್ಚೆಯೆಲ್ಲ ತಿಂದರೆ ಅಪಾಯವೇ ಎಂಬುದರ ಸುತ್ತಲೇ ಸುತ್ತಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಪ್ರಶ್ನೆ. ನಾಟಿ ತಳಿ ಬಳಸುವಾಗ ಯಾರನ್ನು ಕೇಳಿದರು? ಕಂಪನಿಯ ಜೀನಿಗೆ ಒಪ್ಪಂದ ಇದೆ. ತಲೆತಲಾಂತರದಿಂದ ಬೀಜ ಎತ್ತಿಟ್ಟುಕೊಂಡು ಬಂದವರಿಗೆ ಏನಿದೆ? 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಇದಕ್ಕೆಂದೇ ನಿಯಮಗಳಿವೆ. ಅವನ್ನು ಮೀರಲಾಗಿದೆ ಎಂದು ಬೆಂಗಳೂರಿನ ಪರಿಸರ ಸಂಘಟನೆಯೊಂದು 2010ರಲ್ಲಿ ದೂರು ಕೊಟ್ಟಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ಮುಂದಾಯಿತು. ಮೊಕದ್ದಮೆ ಧಾರವಾಡದ ನ್ಯಾಯಾಲಯಕ್ಕೆ ಹೋಯಿತು.

ಈಗ ಉಪಕರಣವೇ ಬದಲಾಗಿದೆ. 2012ರಲ್ಲಿ ಬಂದ ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದಿಂದ ಹೊರಗಿನ ಜೀನ್ ತರದೆಯೇ ಗಿಡದ ಸ್ವಂತ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ತಿದ್ದಬಹುದು. ಹೊರಗಿನ ಜೀನ್ ಉಳಿಯದ ಇಂಥ ಬೆಳೆಗಳಿಗೆ 2022ರಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಬೆಳೆಗಳ ಬಿಗಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳು ಪ್ರಕಟವಾದವು. ಅದರಲ್ಲೊಂದು, 'ಕಮಲ', ನಮ್ಮ ರೈತರಿಗೂ ಗೊತ್ತಿರುವ ಸಾಂಬಾ ಮಸೂರಿಯಿಂದ ಬಂದದ್ದು.

ಈ ವಿಧಾನದಲ್ಲಿ ಮೂಲ ತಳಿಯೇ ಬಂಡವಾಳ. ಹೊರಗಿನ ಜೀನ್ ಇಲ್ಲದ ಮೇಲೆ ಬೆಲೆಯೆಲ್ಲ ಇರುವುದು ತಿದ್ದಲು ಆರಿಸಿಕೊಂಡ ಬೀಜದಲ್ಲೇ ಅಲ್ವಾ? ಇಂಥ ಹೊತ್ತಲ್ಲೇ ಜೀವವೈವಿಧ್ಯ ಕಾಯ್ದೆ ಸಡಿಲವಾಗಿದೆ. 2023ರ ತಿದ್ದುಪಡಿಯಲ್ಲಿ ಜೈಲು ಶಿಕ್ಷೆ ಹೋಗಿ ದಂಡ ಮಾತ್ರ ಉಳಿದಿದೆ. ಊರಿನ ಕೈಯಲ್ಲಿರುವುದು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಅದರ ದಾಖಲಾತಿ ಪುಸ್ತಕ. ಎಷ್ಟೋ ಕಡೆ ಆ ಸಮಿತಿ ಇದೆ ಅನ್ನುವುದೇ ಬೆಳೆಗಾರರಿಗೆ ಗೊತ್ತಿರುವುದಿಲ್ಲ. ನಿಮ್ಮೂರಿನ ಬದನೆ, ಭತ್ತ, ಅವರೆಯ ಹೆಸರು ಅದರಲ್ಲಿ ಬರೆದಿದೆಯೇ ಎಂದು ಒಮ್ಮೆ ಪಂಚಾಯಿತಿ ಕಚೇರಿಯಲ್ಲಿ ಕೇಳಿ ನೋಡಿ.