ಬಜಪೆಯ ಮೇಲೆ ಕೆಂಪು ಚುಕ್ಕಿ ಕಂಡರೆ ವಿಮಾನ ಇಳಿಯುವುದಿಲ್ಲವೇ?

ಪ್ರಶ್ನೆ: ಮಳೆಗಾಲದಲ್ಲಿ ಮನೆಯವರನ್ನು ಕರೆತರಲು ಹೊರಡುವಾಗ ವಿಮಾನ ಹವಾಮಾನದ ಆ್ಯಪ್ ನೋಡಿದರೆ ಬಜಪೆಯ ಮಂಗಳೂರು ವಿಮಾನ ನಿಲ್ದಾಣದ ಮೇಲೆ ಕೆಂಪು ಚುಕ್ಕಿ, ‘ಐಎಫ್‌ಆರ್’ ಎಂಬ ಬರಹ. ವಿಮಾನ ಇಳಿಯುವುದಿಲ್ಲ ಎಂದೇ ಅರ್ಥವೇ?

ಉತ್ತರ: ಅಲ್ಲ. ಹೊರಗೆ ಕಣ್ಣಿಗೆ ಕಾಣುವುದನ್ನೇ ನಂಬಿ ಹಾರುವಂತಿಲ್ಲ, ಉಪಕರಣ ನೋಡಿ ಹಾರಬೇಕು ಎಂದಷ್ಟೇ ಅದರ ಅರ್ಥ. ಪ್ರಯಾಣಿಕರ ವಿಮಾನಗಳು ಸುಡುಬಿಸಿಲಿನ ದಿನವೂ ಐಎಫ್‌ಆರ್ ನಿಯಮದಲ್ಲೇ ಬರುತ್ತವೆ. ಕೆಂಪು ಕಂಡು ಮನೆಯಲ್ಲೇ ಉಳಿಯಬೇಕಾದವರು ಉಪಕರಣ ಹಾರಾಟದ ತರಬೇತಿ ಇಲ್ಲದ ಸಣ್ಣ ವಿಮಾನದ ಪೈಲಟ್‌ಗಳು.

ಆ ಬಣ್ಣಗಳು ಅಮೆರಿಕದ ಪದ್ಧತಿ. ಗೋಚರತೆ (ಎಷ್ಟು ದೂರ ಕಾಣುತ್ತದೆ), ಸೀಲಿಂಗ್ (ಆಕಾಶದ ಬಹುಪಾಲು ಮುಚ್ಚಿದ ಮೋಡದ ಎತ್ತರ) ಎರಡನ್ನೂ ನೋಡಿ, ಯಾವುದು ಕೆಟ್ಟದಾಗಿದೆಯೋ ಅದರ ಬಣ್ಣ ಕೊಡುತ್ತಾರೆ. ಸೀಲಿಂಗ್ 3000 ಅಡಿಗಿಂತ ಮೇಲಿದ್ದು 5 ಮೈಲಿಗಿಂತ ದೂರ ಕಂಡರೆ ಹಸಿರು. 1000ದಿಂದ 3000 ಅಡಿ ಅಥವಾ 3ರಿಂದ 5 ಮೈಲಿ ಇದ್ದರೆ ನೀಲಿ. 1000 ಅಡಿ ಅಥವಾ 3 ಮೈಲಿಗಿಂತ ಇಳಿದರೆ ಕೆಂಪು, 500 ಅಡಿ ಅಥವಾ 1 ಮೈಲಿಗೂ ಕಡಿಮೆಯಾದರೆ ಕೆನ್ನೇರಳೆ. ನಮ್ಮಲ್ಲಿ ನಿಲ್ದಾಣದ ಸುತ್ತ ಕಣ್ಣಳತೆಯ ಹಾರಾಟಕ್ಕೆ 5 ಕಿ.ಮೀ. ಗೋಚರತೆ, 1500 ಅಡಿ ಸೀಲಿಂಗ್ ಇರಲೇಬೇಕು; ಇಲ್ಲದಿದ್ದರೆ ನಿಯಂತ್ರಣ ಗೋಪುರದ ವಿಶೇಷ ಅನುಮತಿ ಬೇಕು.

ಹೆಚ್ಚು ಜನ ಎಡವುವುದು ಸೀಲಿಂಗ್‌ನಲ್ಲಿ. ಕಂಡ ಮೋಡವೆಲ್ಲ ಸೀಲಿಂಗ್ ಅಲ್ಲ. ಆಕಾಶವನ್ನು ಎಂಟು ಪಾಲು ಮಾಡಿದರೆ ಐದು ಪಾಲಾದರೂ ಮುಚ್ಚಿದ ಅತಿ ಕೆಳಗಿನ ಪದರವೇ ಸೀಲಿಂಗ್. ನಿಲ್ದಾಣದ ಹವಾಮಾನ ತಿಳಿಸುವ ಮೆಟಾರ್ ವರದಿಯಲ್ಲಿ ‘ಎಸ್‌ಸಿಟಿ008’ ಇದ್ದರೆ 800 ಅಡಿಯಲ್ಲಿ ಚದುರಿದ ಮೋಡ, ಸೀಲಿಂಗ್ ಅಲ್ಲ. ‘ಬಿಕೆಎನ್008’ ಇದ್ದರೆ ಅದೇ ಎತ್ತರದಲ್ಲಿ ಬಹುಪಾಲು ಮುಚ್ಚಿದ ಮೋಡ, ಅದು ಸೀಲಿಂಗ್; 6 ಕಿ.ಮೀ. ದೂರ ಕಾಣುತ್ತಿದ್ದರೂ ಚುಕ್ಕಿ ಕೆಂಪೇ.

ಈ ಎತ್ತರವನ್ನು ಅಳೆಯುವುದು ನಿಲ್ದಾಣದ ನೆಲದಿಂದ. ಬಜಪೆಯ ರನ್‌ವೇ ಗುಡ್ಡದ ತಲೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿದೆ. ಪಣಂಬೂರು ಕಡಲತೀರದಲ್ಲಿ 900 ಅಡಿ ಮೇಲಿರುವ ಮೋಡ ಅದೇ ಮಟ್ಟದಲ್ಲಿ ಬಜಪೆಗೆ ಬಂದರೆ ಅಲ್ಲಿ 600 ಅಡಿಯೂ ಇರುವುದಿಲ್ಲ. ಊರಲ್ಲಿ ಬರೀ ಮೋಡ, ಮೇಲೆ ರನ್‌ವೇಗೆ ಮಂಜು ಮುಸುಕಿದಂತೆ ಆಗುವುದು ಹೀಗೆ.

ವಿಮಾನ ಇಳಿಯುತ್ತದೋ ಇಲ್ಲವೋ ಎಂಬುದಕ್ಕೆ ಬೇರೆಯೇ ಗೆರೆ ಇದೆ. ರೇಡಿಯೊ ಸಂಕೇತದಿಂದ ವಿಮಾನವನ್ನು ರನ್‌ವೇಗೆ ಇಳಿಸುವ ಐಎಲ್‌ಎಸ್ ವ್ಯವಸ್ಥೆಯ ಮೊದಲ ದರ್ಜೆಯಲ್ಲಿ ಪೈಲಟ್ 200 ಅಡಿಗಿಂತ ಕಡಿಮೆಯಲ್ಲದ ಒಂದು ಎತ್ತರದವರೆಗೆ ಇಳಿದು ಬರಬಹುದು. ಅಲ್ಲಿ ರನ್‌ವೇಯ ದೀಪಗಳಾದರೂ ಕಾಣಲೇಬೇಕು. ಕಾಣದಿದ್ದರೆ ತಕ್ಷಣ ಮೇಲೇರಬೇಕು. ರನ್‌ವೇ ಮೇಲಿನ ಗೋಚರತೆಯ ಕನಿಷ್ಠ ಮಿತಿ ಈ ದರ್ಜೆಗೆ 550 ಮೀಟರ್. ರನ್‌ವೇ, ದೀಪವ್ಯವಸ್ಥೆ ನೋಡಿ ಇದು ಹೆಚ್ಚಾಗಬಹುದು. ಅಂದರೆ 700 ಅಡಿ ಸೀಲಿಂಗ್, 2500 ಮೀಟರ್ ಗೋಚರತೆಯ ಕೆಂಪು ದಿನದಲ್ಲೂ ನಿರಾಳವಾಗಿ ಇಳಿಯಬಹುದು. ಕೆನ್ನೇರಳೆ ಕಂಡಾಗ ಮಾತ್ರ ವಿಮಾನ ಸುತ್ತು ಹೊಡೆದು ಬೆಂಗಳೂರಿಗೋ ಕಣ್ಣೂರಿಗೋ ತಿರುಗುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯಿರಿ.

ಚುಕ್ಕಿಯ ಬಣ್ಣ ಗಾಳಿಯ ಬಗ್ಗೆ, ರನ್‌ವೇಯಲ್ಲಿ ನಿಂತ ನೀರಿನ ಬಗ್ಗೆ ಏನೂ ಹೇಳುವುದಿಲ್ಲ. ಎರಡೂ ತುದಿಯಲ್ಲಿ ಕಮರಿ ಇರುವ 2450 ಮೀಟರ್ ರನ್‌ವೇಯಲ್ಲಿ ಅವು ಮೋಡದಷ್ಟೇ ಮುಖ್ಯ. ಹಸಿರು ಇದ್ದೂ ಅಡ್ಡಗಾಳಿಗೆ ವಿಮಾನ ಮೇಲೇರಿ ಹೋದರೆ, ಅದು ಪೈಲಟ್‌ನ ಸರಿಯಾದ ತೀರ್ಮಾನ.